ಒತ್ತದೆ ಶೇವ್ ಮಾಡುವುದು: ಸೇಫ್ಟಿ ರೇಜರ್ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಮೂರು ಬ್ಲೇಡಿನ, ಐದು ಬ್ಲೇಡಿನ ಕಾರ್ಟ್ರಿಜ್ ರೇಜರ್‌ಗಳು ನಮ್ಮ ಕೈಗೆ ಒಂದು ಅಭ್ಯಾಸ ಹಚ್ಚಿಬಿಟ್ಟಿವೆ. ಒತ್ತುವ ಅಭ್ಯಾಸ. ಆ ರೇಜರ್‌ನ ತಲೆ ಅತ್ತಿತ್ತ ಬಾಗುತ್ತದೆ, ಮುಖದ ಏರಿಳಿತಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಹಾಗಾಗಿ ನಾವು ಯೋಚನೆಯೇ ಮಾಡದೆ ಒತ್ತಿ ಎಳೆಯುತ್ತೇವೆ. ಸೇಫ್ಟಿ ರೇಜರ್, ಅಂದರೆ ಎರಡು ಅಂಚಿನ ಒಂದೇ ಬ್ಲೇಡ್ ಹಾಕುವ ರೇಜರ್, ಹಿಡಿದ ಮೊದಲ ದಿನ ಮುಖ ಕೆಂಪಾಗುವುದು, ಅಲ್ಲಲ್ಲಿ ರಕ್ತ ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ. ರೇಜರ್ ಬದಲಾಗಿದೆ, ಕೈ ಇನ್ನೂ ಬದಲಾಗಿಲ್ಲ.

ನನ್ನ ಕುತ್ತಿಗೆಯ ಎಡಭಾಗದಲ್ಲಿ ವರ್ಷಗಟ್ಟಲೆ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಶೇವ್ ಮಾಡಿದ ಮರುದಿನ ಅಂಗಿಯ ಕಾಲರ್ ತಾಗಿದರೂ ಉರಿ. ಕ್ರೀಮು ಬದಲಿಸಿದೆ, ಲೋಷನ್ ಬದಲಿಸಿದೆ, ಏನೂ ಆಗಲಿಲ್ಲ. ಎರಡು ಅಂಚಿನ ಒಂಟಿ ಬ್ಲೇಡಿಗೆ ಬಂದು, ಕೈ ಹಗುರ ಮಾಡಿಕೊಂಡ ಮೇಲೆ ಸುಮಾರು ಎರಡು ತಿಂಗಳಲ್ಲಿ ಆ ಜಾಗ ಶಾಂತವಾಯಿತು. ಅದಕ್ಕೇ ಇಷ್ಟು ಅಕ್ಕರೆಯಿಂದ, ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಇದು ಕಷ್ಟದ ವಿದ್ಯೆ ಅಲ್ಲ. ಆದರೆ ಮೊದಲ ಕೆಲವು ವಾರ ಅವಸರ ಮಾಡಬಾರದು.

ಒಂಟಿ ಬ್ಲೇಡಿನಿಂದ ಏನು ಲಾಭ?

ಗಿಲೆಟ್ ಕಂಪನಿ 1971ರಲ್ಲಿ ಎರಡು ಬ್ಲೇಡ್ ಜೋಡಿಸಿದ ಕಾರ್ಟ್ರಿಜ್ ತಂದಿತು. ಅದರ ಹಿಂದಿನ ಲೆಕ್ಕ ಹೀಗೆ: ಮೊದಲ ಬ್ಲೇಡ್ ಕೂದಲನ್ನು ಸ್ವಲ್ಪ ಮೇಲಕ್ಕೆ ಎಳೆಯುತ್ತದೆ, ಅದು ಒಳಗೆ ಸರಿಯುವ ಮುಂಚೆ ಎರಡನೆಯದು ಕತ್ತರಿಸುತ್ತದೆ. ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ. ಮುಟ್ಟಿದರೆ ನುಣುಪು, ನಿಜ. ಆದರೆ ಗುಂಗುರು ಕೂದಲಿನವರಿಗೆ, ಬಿರುಸು ಗಡ್ಡದವರಿಗೆ ಆ ತುಂಡಾದ ತುದಿ ಮತ್ತೆ ಬೆಳೆಯುವಾಗ ಹೊರಗೆ ಬರದೆ ಚರ್ಮದೊಳಗೇ ಚುಚ್ಚಿಕೊಳ್ಳುತ್ತದೆ. ಗುಳ್ಳೆ ಏಳುವುದು ಅಲ್ಲೇ. ಜೊತೆಗೆ ಐದು ಬ್ಲೇಡಿನ ರೇಜರ್ ಒಂದು ಸಲ ಎಳೆದರೆ ಚರ್ಮದ ಮೇಲೆ ಐದು ಅಂಚು ಹಾದು ಹೋಗುತ್ತವೆ. ಒಂಟಿ ಬ್ಲೇಡ್ ಕೂದಲನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿ ಬಿಡುತ್ತದೆ. ಎಲ್ಲರಿಗೂ ಇದರಿಂದ ಗುಳ್ಳೆ ನಿಂತೇ ಹೋಗುತ್ತದೆ ಅಂತ ಹೇಳಲಾರೆ, ಆದರೆ ತುಂಬಾ ಜನರಿಗೆ ಕಡಿಮೆಯಾಗುತ್ತದೆ.

ಈ ರೇಜರ್‌ನ ಹುಟ್ಟಿನ ಕತೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಚರ್ಮಕ್ಕೂ ಅಂಚಿಗೂ ನಡುವೆ ಒಂದು ತಡೆ ಇಡಬೇಕು ಅನ್ನುವ ಯೋಚನೆ 18ನೇ ಶತಮಾನದ್ದು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸಹೋದರರು ಅಂಥ ರೇಜರ್‌ಗೆ ಪೇಟೆಂಟ್ ಪಡೆದರು, ಆದರೆ ಅದರ ಬ್ಲೇಡು ದಪ್ಪ, ಮತ್ತೆ ಮತ್ತೆ ಮಸೆಯಬೇಕಿತ್ತು. ಮಸೆಯದೆ ಬಿಸಾಡುವಂಥ ತೆಳು ಬ್ಲೇಡ್ ಬೇಕು ಅಂದವರು ಕಿಂಗ್ ಕ್ಯಾಂಪ್ ಗಿಲೆಟ್. ಅಷ್ಟು ತೆಳು ಉಕ್ಕನ್ನು ಹದಗೊಳಿಸುವ ದಾರಿ ಕಂಡುಕೊಂಡವರು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. 1901ರಲ್ಲಿ ಅರ್ಜಿ ಹಾಕಿದ್ದಕ್ಕೆ 1904ರಲ್ಲಿ ಪೇಟೆಂಟ್ ಸಿಕ್ಕಿತು. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡ್. ಮರುವರ್ಷ ರೇಜರ್‌ಗಳ ಲೆಕ್ಕ 90 ಸಾವಿರ ದಾಟಿತು. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಸಂಗತಿ ಒಂದಿದೆ. ಬ್ಲೇಡಿನ ಅಳತೆ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಇವತ್ತು ತಂದ ಬ್ಲೇಡನ್ನು ಅಷ್ಟು ಹಳೆಯ ರೇಜರ್‌ಗೂ ಹಾಕಿ ಶೇವ್ ಮಾಡಬಹುದು.

ಯಾವ ರೇಜರ್ ತಗೊಳ್ಳಬೇಕು?

ಮೂರು ಬಗೆಯವು ಸಿಗುತ್ತವೆ. ಮೂರು ತುಂಡಿನದು: ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ಹಿಡಿ. ಎರಡು ತುಂಡಿನದರಲ್ಲಿ ತಟ್ಟೆ ಹಿಡಿಗೇ ಸೇರಿಕೊಂಡಿರುತ್ತದೆ. ಇನ್ನೊಂದು, ಹಿಡಿಯ ಬುಡ ತಿರುಗಿಸಿದರೆ ತಲೆಯ ಎರಡು ಬಾಗಿಲು ತೆರೆದುಕೊಳ್ಳುವ ಚಿಟ್ಟೆ ಮಾದರಿ. ಮೂರನೆಯದು ನೋಡಲು ಚೆಂದ, ಬ್ಲೇಡ್ ಹಾಕುವುದೂ ಸುಲಭ, ಆದರೆ ಒಳಗೆ ಸೋಪು ಕಟ್ಟಿಕೊಂಡರೆ ತೊಳೆಯುವುದು ಕಷ್ಟ. ಕಲಿಯುವವರಿಗೆ ಮೂರು ತುಂಡಿನದೇ ಸರಿ ಅಂತ ನನ್ನ ಅಭಿಪ್ರಾಯ. ಪೂರ್ತಿ ಬಿಚ್ಚಬಹುದು, ಕೆಟ್ಟುಹೋಗಲು ಅದರಲ್ಲಿ ಏನೂ ಇಲ್ಲ.

ಅದಕ್ಕಿಂತ ಮುಖ್ಯವಾದದ್ದು ಬ್ಲೇಡಿಗೂ ಕೆಳಗಿನ ತಡೆಪಟ್ಟಿಗೂ ನಡುವಿನ ಸಂದು, ಮತ್ತು ಬ್ಲೇಡ್ ಎಷ್ಟು ಹೊರಗೆ ಚಾಚಿದೆ ಅನ್ನುವುದು. ಎರಡೂ ಕಡಿಮೆ ಇದ್ದರೆ ರೇಜರ್ ಸೌಮ್ಯ. ಜಾಸ್ತಿ ಇದ್ದರೆ ಒರಟು. ಸೌಮ್ಯವಾದದ್ದನ್ನೇ ತಗೊಳ್ಳಿ. ತಡೆಪಟ್ಟಿ ಬಾಚಣಿಗೆಯ ಹಲ್ಲಿನ ಹಾಗಿದ್ದರೆ ಅದು ಉದ್ದ ಗಡ್ಡ ತೆಗೆಯುವವರಿಗೆ ಅನುಕೂಲ. ಮೊದಲಿಗೆ ನೇರ ಪಟ್ಟಿ ಇರುವುದು ಸಾಕು. ಜರ್ಮನಿಯ ಮರ್ಕುರ್ 34ಸಿ, ಮ್ಯೂಲೆ ಆರ್89, ಇಂಗ್ಲೆಂಡಿನ ಎಡ್ವಿನ್ ಜಾಗರ್ ಡಿಇ89, ಇವೆಲ್ಲ ಹೊಸಬರಿಗೆ ಹೇಳಿಮಾಡಿಸಿದ ಹಾಗಿವೆ. ಇವೇ ಬೇಕು ಅಂತೇನಿಲ್ಲ. ಲೋಹದ್ದಾಗಿರಲಿ, ಕೈಯಲ್ಲಿ ಸ್ವಲ್ಪ ಭಾರ ಅನ್ನಿಸಲಿ. ಪ್ಲಾಸ್ಟಿಕ್ಕಿನ ಹಗುರ ರೇಜರ್‌ನಲ್ಲಿ ಕೈ ತಾನಾಗಿ ಒತ್ತಲು ಶುರು ಮಾಡುತ್ತದೆ.

ಅಂಚು ಓರೆಯಾಗಿರುವ ರೇಜರ್, ಸಂದು ಹೆಚ್ಚುಕಡಿಮೆ ಮಾಡಬಹುದಾದ ರೇಜರ್ ಇವೂ ಇವೆ. ಅವನ್ನು ಆರು ತಿಂಗಳ ನಂತರ ನೋಡಿದರಾಯಿತು.

ಬ್ಲೇಡು

ಎಲ್ಲ ಬ್ಲೇಡೂ ಒಂದೇ ಅಳತೆ, ಆದರೆ ಗುಣ ಒಂದೇ ಅಲ್ಲ. ಜಪಾನಿನ ಫೆದರ್ ಬ್ಲೇಡ್ ಹರಿತಕ್ಕೆ ಹೆಸರುವಾಸಿ. ಅದೇ ಕಾರಣಕ್ಕೆ ಮೊದಲ ತಿಂಗಳು ಅದರ ತಂಟೆ ಬೇಡ. ಹಾಗಂತ ತೀರಾ ಮೊಂಡು ಬ್ಲೇಡೂ ಬೇಡ. ಮೊಂಡಾದದ್ದು ಕೂದಲನ್ನು ಕತ್ತರಿಸದೆ ಜಗ್ಗುತ್ತದೆ, ನೀವು ಒತ್ತುತ್ತೀರಿ, ಚರ್ಮ ಹೆರೆಯುತ್ತದೆ. ಆಸ್ಟ್ರಾ, ಪರ್ಸೋನಾ ಥರದ ಮಧ್ಯಮ ಹರಿತದ ಒಂದು ಬ್ಲೇಡ್ ಆರಿಸಿಕೊಂಡು ಮೊದಲ ಒಂದು ತಿಂಗಳು ಅದಕ್ಕೇ ಅಂಟಿಕೊಳ್ಳಿ. ಹೊಸಬರು ಮಾಡುವ ದೊಡ್ಡ ತಪ್ಪು ವಾರಕ್ಕೊಂದು ಬ್ಲೇಡ್, ವಾರಕ್ಕೊಂದು ಸೋಪು ಬದಲಿಸುವುದು. ಆಮೇಲೆ ಉರಿ ಯಾವುದರಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಒಂದು ಬ್ಲೇಡ್ ಎಷ್ಟು ಸಲ ಬರುತ್ತದೆ? ಗಡ್ಡದ ಮೇಲೆ ಹೋಗುತ್ತದೆ. ಮೂರರಿಂದ ಏಳು ಸಲ ಅಂತ ಇಟ್ಟುಕೊಳ್ಳಿ. ಜಗ್ಗಿದ ಹಾಗೆ ಅನ್ನಿಸಿದ ದಿನವೇ ಬಿಸಾಡಿ. ಮೆತ್ತಗಿನ ಕೂದಲು ಉಕ್ಕನ್ನು ಹೇಗೆ ಮೊಂಡು ಮಾಡುತ್ತದೆ ಅಂತ ಅನುಮಾನ ಬರಬಹುದು. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿದ್ದರೂ, ಅದು ಬ್ಲೇಡಿನ ಅಂಚಿಗೆ ಓರೆಯಾಗಿ ಬಾಗಿದಾಗ ಅಂಚಿನಿಂದ ಸಣ್ಣ ಚೂರು ಹಾರುತ್ತದೆ. ಅಂದರೆ ಅಂಚು ಬರೀ ಸವೆಯುವುದಿಲ್ಲ, ಮುಕ್ಕಾಗುತ್ತದೆ. ಒದ್ದೆಯಾಗಿ ಮೆತ್ತಗಾದ ಗಡ್ಡ ಒಣಗಡ್ಡಕ್ಕಿಂತ ಸಲೀಸಾಗಿ ತುಂಡಾಗುತ್ತದೆ. ನೆನೆಸುವುದಕ್ಕೆ ಅಷ್ಟು ಮಹತ್ವ ಅದಕ್ಕೇ.

ನೊರೆ: ಇಲ್ಲಿ ಸಮಯ ಕೊಡಿ

ಡಬ್ಬಿಯಿಂದ ಬರುವ ನೊರೆಯಲ್ಲಿ ಗಾಳಿಯೇ ಜಾಸ್ತಿ. ಮುಖದ ಮೇಲೆ ದಪ್ಪಗೆ ಕಾಣುತ್ತದೆ, ಆದರೆ ಬ್ಲೇಡಿನ ಕೆಳಗೆ ಜಾರುವ ಗುಣ ಕಡಿಮೆ. ನಮಗೆ ಬೇಕಾಗಿರುವುದು ನೀರು ಹಿಡಿದಿಟ್ಟುಕೊಳ್ಳುವ, ಜಾರುವ ನೊರೆ. ಅದಕ್ಕೆ ಬ್ರಷ್ ಬೇಕು.

ಬ್ರಷ್ಷಿನಲ್ಲಿ ಹಂದಿಕೂದಲಿನದು, ಬ್ಯಾಜರ್ ಎಂಬ ಪ್ರಾಣಿಯ ಕೂದಲಿನದು, ಕೃತಕ ನಾರಿನದು ಇವೆ. ಹಂದಿಕೂದಲಿನದನ್ನು ಬಳಸುವ ಮುಂಚೆ ಕೆಲವು ನಿಮಿಷ ನೀರಲ್ಲಿ ನೆನೆಸಬೇಕು, ಹೊಸದರಲ್ಲಿ ಗಡಸು, ದಿನ ಕಳೆದ ಹಾಗೆ ತುದಿ ಸೀಳಿ ಮೆತ್ತಗಾಗುತ್ತದೆ. ಕೃತಕ ನಾರಿನದಕ್ಕೆ ನೆನೆಸುವ ಕೆಲಸವಿಲ್ಲ, ಬೇಗ ಒಣಗುತ್ತದೆ. ಶುರುವಿಗೆ ಅದೇ ಸಾಕು.

ಬ್ರಷ್ ಒದ್ದೆ ಮಾಡಿ ಎರಡು ಸಲ ಒದರಿ. ತೊಟ್ಟಿಕ್ಕಬಾರದು. ಗಟ್ಟಿ ಸೋಪಿನ ಮೇಲೆ 20ರಿಂದ 30 ಸೆಕೆಂಡ್ ಸುತ್ತಿಸಿ. ಕ್ರೀಮಾದರೆ ಬೆರಳ ತುದಿಯಷ್ಟು ಸಾಕು. ಆಮೇಲೆ ಬಟ್ಟಲಲ್ಲೋ ನೇರ ಮುಖದ ಮೇಲೋ ನೊರೆ ಎಬ್ಬಿಸಿ. ಮೊದಲು ಅದು ದಪ್ಪಗೆ, ಅಂಟಂಟಾಗಿ, ಹೊಳಪಿಲ್ಲದೆ ಇರುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಬ್ರಷ್ಷಿನ ತುದಿಯನ್ನು ನೀರಿಗೆ ಮುಟ್ಟಿಸಿ, ಮತ್ತೆ ಕಲಸಿ. ಮತ್ತೆ ಮುಟ್ಟಿಸಿ, ಮತ್ತೆ ಕಲಸಿ. ನಾಲ್ಕೈದು ಸಲ ಹೀಗೆ ಮಾಡಿದಾಗ ಒಂದು ಕ್ಷಣದಲ್ಲಿ ನೊರೆಯ ಬಣ್ಣವೇ ಬದಲಾದ ಹಾಗೆ ಕಾಣುತ್ತದೆ. ಮಂಕಾಗಿದ್ದದ್ದಕ್ಕೆ ಹೊಳಪು ಬರುತ್ತದೆ, ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತವೆ. ಬ್ರಷ್ ಎತ್ತಿದರೆ ನೊರೆಯ ತುದಿ ಮೆಲ್ಲಗೆ ಬಾಗುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಸ್ವಲ್ಪ ತಗೊಂಡು ಉಜ್ಜಿ ನೋಡಿ. ಬೆರಳು ಹಿಡಿದುಕೊಂಡರೆ ನೀರು ಕಡಿಮೆ. ಜಾರಿದರೆ ಹದ ಸಿಕ್ಕಿತು. ಬೆರಳ ಸಂದಿಯಿಂದ ಹರಿದುಹೋದರೆ ನೀರು ಜಾಸ್ತಿಯಾಯಿತು, ಇನ್ನಷ್ಟು ಸೋಪು ಹಿಡಿಸಿ.

ಗಡಸು ನೀರಿನಲ್ಲಿ ನೊರೆ ಬೇಗ ಸತ್ತುಹೋಗುತ್ತದೆ. ಅಂಥ ಕಡೆ ಸೋಪು ದುಪ್ಪಟ್ಟು ಹಿಡಿಸಿ, ಇಲ್ಲಾಂದ್ರೆ ಕಾಯಿಸಿ ಆರಿಸಿದ ನೀರೋ ಫಿಲ್ಟರ್ ನೀರೋ ಒಂದು ಲೋಟ ಪಕ್ಕಕ್ಕಿಟ್ಟುಕೊಳ್ಳಿ.

ಶೇವ್ ಮಾಡುವ ಗಡಿಬಿಡಿ ಇಲ್ಲದ ಒಂದು ಸಂಜೆ ಸುಮ್ನೆ ಕೂತು ಬರೀ ನೊರೆ ಮಾಡುವುದನ್ನು ಎರಡು ಮೂರು ಸಲ ಅಭ್ಯಾಸ ಮಾಡಿ. ನಾನು ಹಾಗೇ ಕಲಿತೆ.

ಗಡ್ಡದ ದಿಕ್ಕು ಗುರುತಿಸುವುದು

ಕೂದಲು ಎಲ್ಲ ಕಡೆ ಮೇಲಿಂದ ಕೆಳಕ್ಕೆ ಬೆಳೆಯುತ್ತದೆ ಅಂತ ಅಂದುಕೊಂಡಿರುತ್ತೇವೆ. ಕೆನ್ನೆಯಲ್ಲಿ ಹೆಚ್ಚಾಗಿ ಹೌದು. ಕುತ್ತಿಗೆಯಲ್ಲಿ ಅಲ್ಲ. ಎರಡು ದಿನ ಗಡ್ಡ ಬಿಡಿ. ಒಂದು ಚೂರು ಹತ್ತಿ ತಗೊಂಡು ಮುಖದ ಮೇಲೆ ನಾಲ್ಕೂ ದಿಕ್ಕಿಗೆ ಮೆಲ್ಲಗೆ ಎಳೆಯಿರಿ. ಸಲೀಸಾಗಿ ಜಾರಿದ ಕಡೆ ಕೂದಲಿನ ದಿಕ್ಕು, ಹತ್ತಿಯ ಎಳೆ ಸಿಕ್ಕಿಹಾಕಿಕೊಂಡ ಕಡೆ ವಿರುದ್ಧ ದಿಕ್ಕು. ನನ್ನ ಎಡ ಕುತ್ತಿಗೆಯಲ್ಲಿ ಹತ್ತಿ ಕೆಳಮುಖವಾಗಿ ಎಳೆದಾಗ ಸಿಕ್ಕಿಕೊಂಡಿತು, ಗಂಟಲ ಕಡೆಯಿಂದ ಕಿವಿಯ ಕಡೆಗೆ ಎಳೆದಾಗ ಜಾರಿತು. ಅಂದರೆ ಅಲ್ಲಿ ಕೂದಲು ಅಡ್ಡಕ್ಕೆ, ಸ್ವಲ್ಪ ಮೇಲ್ಮುಖವಾಗಿ ಮಲಗಿದೆ. ನಾನೋ ಅಷ್ಟು ವರ್ಷ ಅದನ್ನು ಕೆಳಮುಖವಾಗಿ, ಅಂದರೆ ಎದುರು ದಿಕ್ಕಿಗೆ ಎಳೆಯುತ್ತಿದ್ದೆ. ಗುಳ್ಳೆಯ ಗುಟ್ಟು ಅರ್ಧ ಅಲ್ಲೇ ಬಯಲಾಯಿತು.

ಒಂದು ಹಾಳೆಯಲ್ಲಿ ಮುಖದ ಆಕಾರ ಗೀಚಿ ಬಾಣದ ಗುರುತು ಹಾಕಿಕೊಳ್ಳಿ. ಕನ್ನಡಿಯ ಪಕ್ಕ ಅಂಟಿಸಿದರೆ ಇನ್ನೂ ಒಳ್ಳೆಯದು.

ಬ್ಲೇಡ್ ಹಾಕುವ ಕ್ರಮ

ಕೈ ಒಣಗಿರಲಿ. ಬ್ಲೇಡಿನ ಹರಿತವಿಲ್ಲದ ಎರಡು ಗಿಡ್ಡ ತುದಿಗಳನ್ನು ಮಾತ್ರ ಹಿಡಿಯಿರಿ. ಮುಚ್ಚಳವನ್ನು ಬೋರಲು ಹಾಕಿ, ಅದರ ಗೂಟಕ್ಕೆ ಬ್ಲೇಡಿನ ತೂತು ಕೂರಿಸಿ, ಮೇಲೆ ತಟ್ಟೆ ಇಡಿ. ತಟ್ಟೆಯ ತಡೆಪಟ್ಟಿ ಬ್ಲೇಡಿನ ಕಡೆಗೇ ಮುಖ ಮಾಡಿರಬೇಕು. ಮೂರನ್ನೂ ಗಿಡ್ಡ ತುದಿಗಳಲ್ಲಿ ಹಿಡಿದುಕೊಂಡು ಹಿಡಿಯನ್ನು ತಿರುಗಿಸಿ. ಬಿಗಿಯಾಗಲಿ, ಆದರೆ ಜೋರು ಹಾಕಿ ತಿರುಚಬೇಡಿ. ಆಮೇಲೆ ತಲೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಎರಡೂ ಬದಿಯಲ್ಲಿ ಬ್ಲೇಡ್ ಒಂದೇ ಸಮ ಇಣುಕುತ್ತಿದೆಯಾ? ಒಂದು ಕಡೆ ಜಾಸ್ತಿ ಕಂಡರೆ ಬಿಚ್ಚಿ ಮತ್ತೆ ಹಾಕಿ. ಈ ಒಂದು ನೋಟ ಬಿಟ್ಟವರು ಒಂದು ಬದಿ ಚೆನ್ನಾಗಿದೆ, ಇನ್ನೊಂದು ಬದಿ ಕೊಯ್ಯುತ್ತದೆ ಅಂತ ದೂರುತ್ತಾರೆ.

ಹೊಸ ಬ್ಲೇಡಿನ ಅಂಚನ್ನು ಬಟ್ಟೆಯಿಂದ ಒರೆಸಬೇಡಿ. ಅಂಚಿನ ಮೇಲೆ ತೆಳುವಾದ ಲೇಪ ಇರುತ್ತದೆ, ಅದು ಹಾಳಾಗುತ್ತದೆ.

ಕೋನ ಮತ್ತು ಭಾರ

ಇಡೀ ವಿದ್ಯೆ ಈ ಎರಡರಲ್ಲಿದೆ.

ಕೋನ ಹೀಗೆ ಕಂಡುಕೊಳ್ಳಿ. ನೊರೆ ಹಚ್ಚಿದ ಕೆನ್ನೆಯ ಮೇಲೆ ರೇಜರ್‌ನ ಮುಚ್ಚಳವನ್ನು ಇಡಿ, ಹಿಡಿ ಮುಖದಿಂದ ನೇರ ಹೊರಗೆ ಚಾಚಿರಲಿ, ನೆಲಕ್ಕೆ ಸಮಾನಾಂತರವಾಗಿ. ಈಗ ಕೆನ್ನೆಗೆ ತಾಗಿರುವುದು ಬರೀ ಲೋಹ, ಬ್ಲೇಡ್ ಅಲ್ಲ. ಈ ಸ್ಥಿತಿಯಲ್ಲಿ ಕೆಳಕ್ಕೆ ಜಾರಿಸಿದರೆ ಏನೂ ಕತ್ತರಿಸುವುದಿಲ್ಲ. ಜಾರಿಸುತ್ತಲೇ ಹಿಡಿಯನ್ನು ನಿಧಾನಕ್ಕೆ ಕೆಳಗಿಳಿಸಿ. ಒಂದು ಹಂತದಲ್ಲಿ ಬ್ಲೇಡ್ ಕೂದಲನ್ನು ಹಿಡಿಯುತ್ತದೆ, ‘ಚರ್’ ಅನ್ನುವ ಸಣ್ಣ ಸದ್ದು ಕೇಳುತ್ತದೆ. ಅಲ್ಲೇ ನಿಲ್ಲಿ. ಅದೇ ನಿಮ್ಮ ಕೋನ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ಇರುತ್ತದೆ. ಡಿಗ್ರಿ ಅಳೆಯುವ ಗೋಜು ಬೇಡ, ಕಿವಿಗೆ ಕೇಳುವ ಸದ್ದೇ ಸಾಕು. ಹಿಡಿ ಇನ್ನೂ ಕೆಳಗಿಳಿದರೆ ಬ್ಲೇಡ್ ಚರ್ಮಕ್ಕೆ ನೆಟ್ಟಗಾಗುತ್ತದೆ, ಕತ್ತರಿಸುವ ಬದಲು ಕೆರೆಯುತ್ತದೆ. ಅನುಮಾನ ಬಂದಾಗಲೆಲ್ಲ ಹಿಡಿಯನ್ನು ಮುಖದಿಂದ ದೂರಕ್ಕೆ ಎತ್ತಿ, ಮುಚ್ಚಳದ ಕಡೆಗೇ ವಾಲಿ. ಆ ಕಡೆ ತಪ್ಪಿದರೆ ಒಂದಷ್ಟು ಕೂದಲು ಉಳಿಯುತ್ತದೆ, ಅಷ್ಟೇ.

ಬಾತ್‌ರೂಮಿನಲ್ಲಿ ಫ್ಯಾನು, ನಲ್ಲಿ ಎಲ್ಲ ಬಂದ್ ಮಾಡಿ. ಆ ಸದ್ದು ಸಣ್ಣದು, ಅದನ್ನು ಕೇಳಿಸಿಕೊಳ್ಳುವುದು ಮೊದಲ ಪಾಠ.

ಇನ್ನು ಭಾರ. ರೇಜರ್‌ನ ತಲೆಗಿರುವ ತೂಕ ಕತ್ತರಿಸಲು ಸಾಕು. ನಿಮ್ಮ ಕೈಯ ಕೆಲಸ ದಾರಿ ತೋರಿಸುವುದು ಮಾತ್ರ. ಹಿಡಿಯ ಮಧ್ಯವನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಕೆಳತುದಿಯ ಹತ್ತಿರ ಹೆಬ್ಬೆರಳು, ಎರಡು ಬೆರಳಲ್ಲಿ ಹಿಡಿಯಿರಿ. ಹಾಗೆ ಹಿಡಿದಾಗ ಒತ್ತಬೇಕು ಅಂದರೂ ಸರಿಯಾಗಿ ಆಗುವುದಿಲ್ಲ. ಶೇವ್ ಮುಂದುವರಿದ ಹಾಗೆ ಬೆರಳುಗಳು ತಾವಾಗೇ ಮೇಲಕ್ಕೆ ಸರಿದು ತಲೆಯ ಹತ್ತಿರ ಬಂದಿರುತ್ತವೆ, ಗಮನಿಸಿ. ಪ್ರತಿ ಸಲ ರೇಜರ್ ತೊಳೆಯುವಾಗ ಬೆರಳನ್ನು ಮತ್ತೆ ಕೆಳಗಿಳಿಸಿ. ಕುತ್ತಿಗೆಯಲ್ಲಂತೂ ಅದರ ತೂಕವೂ ಜಾಸ್ತಿಯಾಗುತ್ತದೆ. ಅಲ್ಲಿ ರೇಜರ್ ಅನ್ನು ಸ್ವಲ್ಪ ಎತ್ತಿ ಹಿಡಿದ ಹಾಗೆ, ನೊರೆಯನ್ನು ಮಾತ್ರ ತೆಗೆಯುತ್ತಿದ್ದೇನೆ ಅನ್ನುವ ಹಾಗೆ ಸವರಬೇಕು.

ಮೊದಲ ಶೇವ್

ಸ್ನಾನ ಆದ ಕೂಡಲೇ ಮಾಡಿದರೆ ಒಳ್ಳೆಯದು. ಇಲ್ಲವಾದರೆ ಮುಖ ತೊಳೆದು, ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಎರಡು ಮೂರು ನಿಮಿಷ ಗಡ್ಡದ ಮೇಲಿಡಿ. ಕೂದಲು ನೀರು ಕುಡಿದು ಉಬ್ಬಿ ಮೆತ್ತಗಾಗಲು ಅಷ್ಟು ಹೊತ್ತು ಬೇಕು. ಸುಡುವ ನೀರು ಬೇಡ, ಚರ್ಮ ಕೆಂಪಾಗುತ್ತದೆ. ನೊರೆಯನ್ನು ಬ್ರಷ್‌ನಿಂದ ಸುತ್ತುಸುತ್ತಾಗಿ ಹಚ್ಚಿ, ಕೂದಲ ಬುಡ ಎದ್ದು ನಿಲ್ಲಲಿ.

ಕಿವಿಯ ಪಕ್ಕದಿಂದ ಶುರು ಮಾಡಿ. ಕೆನ್ನೆ ಅಗಲ, ಚಪ್ಪಟೆ, ಕಲಿಯಲು ಸುಲಭದ ಜಾಗ. ಇನ್ನೊಂದು ಕೈಯ ಬೆರಳಿಂದ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಬಿಗಿಯಾದರೆ ಸಾಕು, ಜಗ್ಗಬೇಡಿ. ಎರಡು ಮೂರು ಸೆಂಟಿಮೀಟರ್‌ನಷ್ಟು ಗಿಡ್ಡ ಎಳೆತ. ನಿಲ್ಲಿಸಿ. ಮುಂದಿನ ಎಳೆತ. ಮಣಿಕಟ್ಟು ಆಡಿಸಬೇಡಿ, ತೋಳು ಆಡಿಸಿ. ಮಣಿಕಟ್ಟು ಬಾಗಿದರೆ ಕೋನ ಬದಲಾಗುತ್ತದೆ. ನಾಲ್ಕೈದು ಎಳೆತಕ್ಕೆ ಒಂದು ಬದಿ ನೊರೆ ತುಂಬುತ್ತದೆ. ರೇಜರ್ ತಿರುಗಿಸಿ ಇನ್ನೊಂದು ಬದಿ ಬಳಸಿ, ಆಮೇಲೆ ನೀರಲ್ಲಿ ಅಲ್ಲಾಡಿಸಿ ತೊಳೆಯಿರಿ. ಬೇಸಿನ್ನಿಗೆ ಕುಟ್ಟಬೇಡಿ.

ಒಂದು ಮಾತನ್ನು ಮರೆಯಲೇಬೇಡಿ: ಬ್ಲೇಡ್ ಚರ್ಮದ ಮೇಲಿರುವಾಗ ಅಂಚಿನ ಉದ್ದಕ್ಕೆ, ಅಂದರೆ ಅಡ್ಡಡ್ಡ ಜಾರಿಸಬಾರದು. ಕತ್ತಿಯಿಂದ ಕೊಯ್ಯುವುದು ಹಾಗೆಯೇ ಅಲ್ವಾ? ಆಳವಾದ ಗಾಯ ಆಗುವುದು ಈ ಒಂದು ತಪ್ಪಿನಿಂದ.

ದವಡೆಯ ಅಂಚಿಗೆ ಬಂದಾಗ ಮುಖ ಒಳಕ್ಕೆ ಬಾಗುತ್ತದೆ, ರೇಜರ್ ತಾನಾಗಿ ಬಾಗುವುದಿಲ್ಲ. ಇಲ್ಲಿ ಎರಡು ದಾರಿ. ಒಂದೋ ಎಳೆತವನ್ನು ಒಂದು ಸೆಂಟಿಮೀಟರ್‌ಗೆ ಇಳಿಸಿ, ಪ್ರತಿ ಎಳೆತಕ್ಕೂ ಹಿಡಿಯ ಕೋನ ಸರಿಮಾಡಿಕೊಳ್ಳುತ್ತಾ ಹೋಗಿ. ಇಲ್ಲಾ ದವಡೆ ಕೆಳಗಿನ ಚರ್ಮವನ್ನು ಮೇಲಕ್ಕೆ ಎಳೆದು ಕೆನ್ನೆಯ ಮೇಲೆ ತಂದುಕೊಳ್ಳಿ, ಅಲ್ಲಿ ಚಪ್ಪಟೆಯಾಗಿ ಸಿಗುತ್ತದೆ. ನನಗೆ ಎರಡನೆಯದೇ ಹಿಡಿಸಿತು.

ಕುತ್ತಿಗೆಗೆ ತಲೆ ಹಿಂದಕ್ಕೆ ಬಾಗಿಸಿ, ನಕ್ಷೆಯ ಬಾಣ ಹೇಳಿದ ದಿಕ್ಕಿಗೆ ಮಾತ್ರ ಹೋಗಿ. ಗಂಟಲ ಉಬ್ಬಿನ ಮೇಲೆ ನೇರ ಎಳೆಯಬೇಡಿ. ಚರ್ಮವನ್ನು ಬೆರಳಿಂದ ಪಕ್ಕಕ್ಕೆ ಸರಿಸಿ, ಉಬ್ಬಿನಿಂದ ಈಚೆಗೆ ಬಂದ ಮೇಲೆ ಸವರಿ. ಮೇಲ್ತುಟಿಗೆ ತುಟಿಯನ್ನು ಹಲ್ಲಿನ ಮೇಲೆ ಕೆಳಕ್ಕೆ ಎಳೆದು ಬಿಗಿ ಮಾಡಿ, ಮೂಗಿನಿಂದ ಕೆಳಮುಖವಾಗಿ ಎರಡು ಮೂರು ಸಣ್ಣ ಎಳೆತ. ಗದ್ದದ ಕೂದಲು ಹೆಚ್ಚಿನವರಿಗೆ ಗಡಸು, ಅದನ್ನು ಕೊನೆಗಿಡಿ. ನೊರೆ ಅಷ್ಟು ಹೊತ್ತು ಅಲ್ಲೇ ಕೂತು ಮೆತ್ತಗೆ ಮಾಡಿರುತ್ತದೆ.

ಮುಗಿಯಿತು. ಕೈಯಾಡಿಸಿದರೆ ತರಿತರಿ ಉಳಿದಿರುತ್ತದೆ. ಉಳಿಯಲಿ. ಮೊದಲ ಎರಡು ವಾರ ಇಷ್ಟೇ, ಒಂದೇ ಸುತ್ತು, ಅಂದರೆ ಇಡೀ ಮುಖಕ್ಕೆ ಒಂದು ಸಲ. ನೊರೆ ಇಲ್ಲದ ಜಾಗಕ್ಕೆ ‘ಇದೊಂದು ಸಲ’ ಅಂತ ರೇಜರ್ ಎಳೆಯುವುದು ಬೇಡವೇ ಬೇಡ. ಮುಖ ನುಣುಪಾಗುವುದು ಸುತ್ತಿನ ಮೇಲೆ ಸುತ್ತು, ಪ್ರತಿ ಸುತ್ತಿಗೂ ಹೊಸ ನೊರೆ ಹಚ್ಚಿ, ಸ್ವಲ್ಪ ಸ್ವಲ್ಪ ಕೂದಲು ಕಡಿಮೆ ಮಾಡುವುದರಿಂದ. ಒಂದೇ ಏಟಿಗೆ ಬೋಳಿಸಿ ಮುಗಿಸುವ ಕೆಲಸ ಇದಲ್ಲ.

ಉರಿ, ರಕ್ತ, ಪಟಿಕ

ತಣ್ಣೀರಲ್ಲಿ ಮುಖ ತೊಳೆಯಿರಿ. ಆಮೇಲೆ ಪಟಿಕದ ಕಲ್ಲು, ಅಂದರೆ ಆಲಂ, ಒದ್ದೆ ಮಾಡಿ ಮುಖದ ಮೇಲೆಲ್ಲ ಮೆಲ್ಲಗೆ ಸವರಿ. ಪಟಿಕ ಚರ್ಮವನ್ನು ಬಿಗಿ ಮಾಡುತ್ತದೆ, ಸಣ್ಣ ಗೀರುಗಳ ರಕ್ತ ನಿಲ್ಲಿಸುತ್ತದೆ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಎಲ್ಲಿ ಒತ್ತಿದ್ದೀರೋ ಅಲ್ಲಿ ಚುರುಗುಟ್ಟುತ್ತದೆ. ಕೆನ್ನೆಯಲ್ಲಿ ಏನೂ ಇಲ್ಲ, ಎಡ ದವಡೆಯ ಕೆಳಗೆ ಚುರುಚುರು ಅಂದರೆ ನಾಳೆ ಅಲ್ಲಿ ಕೈ ಹಗುರ ಮಾಡಬೇಕು ಅಂತ ಅರ್ಥ. ಅರ್ಧ ನಿಮಿಷ, ಒಂದು ನಿಮಿಷ ಬಿಟ್ಟು ತೊಳೆದು, ಒಣಬಟ್ಟೆಯಲ್ಲಿ ಒತ್ತಿ ಒರೆಸಿ, ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಚರ್ಮ ತುಂಬಾ ಒಣ ಅನ್ನಿಸಿದರೆ ಪಟಿಕ ದಿನವೂ ಬೇಡ.

ಗೀರು ಬಿದ್ದರೆ ಗಾಬರಿ ಬೇಡ. ತಣ್ಣೀರು ಹಾಕಿ, ಸ್ವಚ್ಛ ಬಟ್ಟೆಯಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಮುಖದಲ್ಲಿ ಕೀವು ತುಂಬಿದ ಮೊಡವೆ ಇರುವವರು ಮೊದಲು ವೈದ್ಯರನ್ನು ಕೇಳಿಕೊಂಡು ಶುರು ಮಾಡಿ.

ತೊಂದರೆ ಎಲ್ಲಿಂದ ಬಂತು ಅಂತ ಪತ್ತೆ ಮಾಡುವುದೂ ಕಲಿಯಬೇಕು. ಇಡೀ ಮುಖ ಒಂದೇ ಸಮ ಕೆಂಪಾಗಿದ್ದರೆ ಒತ್ತಿದ್ದೀರಿ, ಇಲ್ಲವೇ ನೊರೆ ಒಣಗಿತ್ತು. ಸೂಜಿ ಚುಚ್ಚಿದ ಹಾಗೆ ಚುಕ್ಕಿ ಚುಕ್ಕಿ ರಕ್ತ ಬಂದರೆ ವಿರುದ್ಧ ದಿಕ್ಕಿಗೆ ಬೇಗ ಕೈಹಾಕಿದ್ದೀರಿ, ಇಲ್ಲವೇ ಹಿಡಿ ತುಂಬಾ ಕೆಳಗಿಳಿದಿತ್ತು. ಜಗ್ಗಿದ ಹಾಗೆ ಆದರೆ ಬ್ಲೇಡ್ ಮೊಂಡು, ಇಲ್ಲಾ ಗಡ್ಡ ನೆನೆದಿಲ್ಲ. ಮುಖ ಉರಿದರೂ ಕೆಂಪಾಗದೆ, ತುರಿಕೆ ಬಂದರೆ ಸೋಪಿನ ಮೇಲೆ ಅನುಮಾನ ಪಡಿ. ಉರಿ ಇದ್ದರೆ ಮರುದಿನ ಶೇವ್ ಬಿಟ್ಟುಬಿಡಿ.

ತೊಳೆಯುವುದು, ಬಿಸಾಡುವುದು

ರೇಜರ್ ತೊಳೆದು, ಒದರಿ, ಗಾಳಿಯಾಡುವ ಕಡೆ ನಿಲ್ಲಿಸಿ. ಬ್ರಷ್ ಹಿಂಡಿ, ಕೂದಲು ಕೆಳಮುಖ ಮಾಡಿ ತೂಗುಹಾಕಿ ಇಲ್ಲವೇ ಹಾಗೇ ನಿಲ್ಲಿಸಿ, ಡಬ್ಬಿಯೊಳಗೆ ಮುಚ್ಚಿಡಬೇಡಿ. ವಾರಕ್ಕೊಮ್ಮೆ ರೇಜರ್ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ.

ಬಳಸಿದ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ. ಕಸ ಎತ್ತುವವರ ಕೈ ಕೊಯ್ಯುತ್ತದೆ. ಒಂದು ತಗಡಿನ ಡಬ್ಬಿಗೆ ಸೀಳು ಮಾಡಿ ಅದರೊಳಗೆ ಹಾಕುತ್ತಾ ಬನ್ನಿ. ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳು ಮುಚ್ಚಿ, ಒಳಗೆ ಬ್ಲೇಡ್ ಇದೆ ಅಂತ ಬರೆದು ಕೊಡಿ. ನಿಮ್ಮ ರೇಜರ್ ಅನ್ನು ಬೇರೆಯವರಿಗೆ, ಮನೆಯವರಿಗೂ ಕೊಡಬೇಡಿ. ಹೆಪಟೈಟಿಸ್‌ನಂಥ ರೋಗ ರಕ್ತದ ಮೂಲಕ ಹರಡುತ್ತದೆ. ವಿಮಾನದಲ್ಲಿ ಹೋಗುವಾಗ ಬ್ಲೇಡುಗಳನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ಮೊದಲ ಎರಡು ತಿಂಗಳ ಲೆಕ್ಕ

ಮೊದಲ ಎರಡು ವಾರ ಕೂದಲಿನ ದಿಕ್ಕಿಗೆ ಒಂದೇ ಸುತ್ತು. ಅದೂ ಒಂದು ದಿನ ಬಿಟ್ಟು ಒಂದು ದಿನ ಮಾಡಿ. ಪಟಿಕ ಹಚ್ಚಿದಾಗ ಎಲ್ಲೂ ಚುರುಗುಟ್ಟದ ದಿನ ಮೂರು ಸಲ ಸತತ ಬಂದರೆ ಎರಡನೇ ಸುತ್ತು ಸೇರಿಸಿ. ಅದು ಅಡ್ಡಕ್ಕೆ: ಕೂದಲು ಕೆಳಕ್ಕೆ ಮಲಗಿದ್ದರೆ ನೀವು ಕಿವಿಯಿಂದ ಮೂಗಿನ ಕಡೆಗೆ ಹೋಗಿ. ಹೊಸ ನೊರೆ, ಅದೇ ಕೋನ, ಇನ್ನೂ ಹಗುರ ಕೈ. ಹೆಚ್ಚಿನವರಿಗೆ ದಿನನಿತ್ಯಕ್ಕೆ ಈ ಎರಡು ಸುತ್ತು ಧಾರಾಳ ಸಾಕು.

ವಿರುದ್ಧ ದಿಕ್ಕಿನ ಮೂರನೇ ಸುತ್ತಿಗೆ ಒಂದೂವರೆ ತಿಂಗಳು ಕಾಯಿರಿ. ಮೊದಲು ಕೆನ್ನೆಯಲ್ಲಿ ಮಾತ್ರ. ಅಲ್ಲಿ ಸರಿಹೋದರೆ ಗದ್ದ. ಕುತ್ತಿಗೆ ಎಲ್ಲಕ್ಕಿಂತ ಕೊನೆಗೆ, ಅದೂ ಚರ್ಮ ಒಪ್ಪಿದರೆ. ನನ್ನ ಎಡ ಕುತ್ತಿಗೆಯ ಆ ಅಡ್ಡಗೂದಲಿನ ಜಾಗಕ್ಕೆ ನಾನು ಇವತ್ತಿಗೂ ವಿರುದ್ಧ ದಿಕ್ಕಿಗೆ ರೇಜರ್ ಹಾಕುವುದಿಲ್ಲ. ಗಂಟಲಿಂದ ಕಿವಿಯ ಕಡೆಗೆ ಒಂದು ಸುತ್ತು, ಕೆಳಗಿಂದ ಮೇಲಕ್ಕೆ ಓರೆಯಾಗಿ ಇನ್ನೊಂದು. ಬೆರಳಾಡಿಸಿದರೆ ತುಸು ತರಿ ಸಿಗುತ್ತದೆ. ಕಾಲರ್ ತಾಗಿದರೆ ಏನೂ ಆಗುವುದಿಲ್ಲ.